ಹುಣಸೆಹಣ್ಣು ಹಾಕಿ ತಿಕ್ಕಿದ ಕೋವಿ

ನಾನು ಅವಲಪಲ್ಲಿ ವೆಂಕಟೇಶಪ್ಪ. ಕೋವಿ ವಿಷಯದಲ್ಲಿ ನಾನೆಂಥ ಪೆದ್ದ ಅಂತ ನಮ್ಮೂರಲ್ಲಿ ಯಾರನ್ನ ಕೇಳಿದ್ರೂ ನಕ್ಕೊಂಡು ಹೇಳ್ತಾರೆ. ಅವರ ಬಾಯಲ್ಲಿ ಕೇಳೋದಕ್ಕಿಂತ ನಾನೇ ಹೇಳ್ಬುಡ್ತೀನಿ.

ಕೋವಿ ನಮ್ಮಾವ ದೊಡ್ಡವೆಂಕಟಪ್ಪನದು. ಕೆಲಮಂಗಲದ ಕಡೆಯ ಮನುಷ್ಯ. ಅದು ಅವರಜ್ಜನ ಕಾಲದ್ದು, ಗುಂಡು ಹಾರಿಸೋ ಕುದುರೆ ಮುರಿದು ಎಷ್ಟೋ ವರ್ಷ ಆಗಿತ್ತು. ಕಾಗೇನೂ ಅದಕ್ಕೆ ಹೆದರ್ತಿರ್ಲಿಲ್ಲ. ಮಾವ ತೀರಿಕೊಂಡಾಗ ಹೊಲವೆಲ್ಲ ದಾಯಾದಿಗಳ ಪಾಲಾಯ್ತು. ಇದ್ದೊಬ್ಬ ಮಗಳು ನನ್ನ ಹೆಂಡ್ತಿ ಗೋವಿಂದಮ್ಮ, ಅವಳಿಗೆ ಬಂದದ್ದು ಇದೊಂದೇ. ಹಳೇ ಸೀರೇಲಿ ಸುತ್ತಿ, ಗಾಡೀಲಿ ಮಡಿಲಲ್ಲಿಟ್ಕೊಂಡು ತಂದ್ಲು. ಆಯುಧಪೂಜೆ ದಿನ ಹೂವು ಏರಿಸಿ "ಅಪ್ಪಾ" ಅಂತ ಕೈಮುಗೀತಿದ್ಲು.

ನಲವತ್ತಾರನೇ ಇಸವೀಲಿ ಒಬ್ಬ ಬಿಳಿ ದೊರೆ, ತನ್ನ ದೇಶಕ್ಕೆ ವಾಪಸ್ ಹೊರಟೋನು, ಹಳೇ ಕೋವಿಗಳನ್ನ ಕೊಳ್ತಿದ್ದ. ದುಭಾಷಿ ಶ್ಯಾಮಣ್ಣ ಅವನನ್ನ ನಮ್ಮನೇಗೆ ಕರ್ಕೊಂಡು ಬಂದ. ದೊರೆ ತಿರುಗಿಸಿ ತಿರುಗಿಸಿ ನೋಡ್ದ. ಎಂಟು ದಿನ ಬಿಟ್ಟು ಬಂದು ತಗೊಂಡ್ಹೋಗ್ತೀನಿ, ಒಂದು ಹಳ್ಳಿಕಾರ್ ಎತ್ತು ಬರೋವಷ್ಟು ದುಡ್ಡು ಕೊಡ್ತೀನಿ ಅಂದ. ನಾನು ಆಗ್ಲಿ ಅಂದ್ಬುಟ್ಟು ಎಳನೀರು ಕೆಡವೋಕೆ ಓಡ್ದೆ. ಅಯ್ಯೋ, ನನ್ನ ಖುಷಿ ಏನ್ ಕೇಳ್ತೀರಿ! ನನ್ನದು ಒಂಟಿ ಎತ್ತು. ಪಕ್ಕದ ಹೊಲದ ಬಚ್ಚಪ್ಪನ ಎತ್ತಿನ ಜೊತೆ ಮುಯ್ಯಿ ಕಟ್ಟಿ ಇಬ್ಬರ ಹೊಲಾನೂ ಉಳೋದು, ಅವನ ಹೊಲ ಮುಗಿಯೋವರೆಗೂ ಬದುವಿನ ಮೇಲೆ ಕೂತು ಆಕಳಿಸೋದು.

ದೊರೆ ಬರೋ ಹಿಂದಿನ ದಿನ ನನಗೊಂದು ಬುದ್ಧಿ ಹೊಳೀತು. ಮಸಿ ಹಿಡಿದ ಸಾಮಾನು ಹಾಗೇ ಕೊಡೋದುಂಟಾ? ಹೆಣ್ಣು ನೋಡೋಕೆ ಬಂದೋರ ಮುಂದೆ ಮುಖ ತೊಳೀದೆ ಕೂರಿಸ್ದಂಗೆ! ಹಿತ್ತಲಲ್ಲಿ ಕೂತು ಬೂದಿ, ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ. ಗೋವಿಂದಮ್ಮ ಬಾಗಿಲಲ್ಲಿ ನಿಂತು ನೋಡಿದ್ಲು. ಒಳಗೆ ಹೋಗಿ ಒಂದು ಹಿಡಿ ಹುಣಸೆಹಣ್ಣು ತಂದಿಟ್ಲು.

"ಹಿತ್ತಾಳೆ ಪಟ್ಟಿಗೆ ಇದು ಹಾಕು, ಮಸಿ ಚೆನ್ನಾಗ್ ಬಿಡ್ತದೆ" ಅಂದ್ಲು.

ಅವಳ ಕಣ್ಣು ಒದ್ದೆಯಾಗಿತ್ತು. ಬೂದಿ ಹಾರಿರ್ಬೇಕು ಅನ್ಕೊಂಡೆ. ಮರದ ಹಿಡಿ ಮೇಲಿದ್ದ ಅರಗಿನ ಬಣ್ಣದ ಹೂಗಳೂ ಎದ್ದುಹೋದವು. ಕೋವಿ ಪೂಜೆ ತಂಬಿಗೆ ಥರ ಫಳಫಳ ಅಂತಿತ್ತು.

ಮಾರನೇ ದಿನ ದೊರೆ ನೋಡಿ ತಲೆ ಮೇಲೆ ಕೈ ಹೊತ್ಕೊಂಡ. ಶ್ಯಾಮಣ್ಣ ನನ್ನ ಮೇಲೆ ಹರಿಹಾಯ್ದ. "ಅಲ್ಲಲಾ, ಆ ಹಳೇ ಕಪ್ಪಿಗೇ ಕಣ್ಲಾ ದೊರೆ ದುಡ್ಡು ಕೊಡ್ತಿದ್ದುದು! ನೀನು ಎಳನೀರಿಗೆ ಹೋದಾಗ ನಿನ್ನೆಂಡ್ರಿಗೆ ಹೇಳಿದ್ನಲ್ಲ, ತೊಳೀಬೇಡಿ ಅಂತ!"

ಇಬ್ರೂ ಬರಿಗೈಲಿ ಹೊರಟುಹೋದ್ರು. ನನಗೆ ಸಿಟ್ಟು ನೆತ್ತಿಗೇರ್ತು.

"ಗೊತ್ತಿದ್ದೂ ಹುಣಸೆಹಣ್ಣು ತಂದ್ಕೊಟ್ಯಾ?"

"ಹೂಂ. ನಮ್ಮಪ್ಪನ ಕೈಯ ಮಸಿ ಹೋದ್ರೆ ಹೋಗ್ಲಿ, ಕೋವಿ ಉಳೀಲಿ ಅಂತ."

"ಮಾರೋದು ಬ್ಯಾಡ ಅಂತ ಬಾಯ್ಬಿಟ್ಟು ಹೇಳೋದಲ್ವಾ?"

"ನೀನು ಕೇಳಿದ್ಯಾ?"

ಕೇಳಿರ್ಲಿಲ್ಲ ಕಣಪ್ಪ. ಮದ್ವೆಯಾಗಿ ಹನ್ನೆರಡು ವರ್ಷ, ಯಾವುದನ್ನೂ ಕೇಳಿರ್ಲಿಲ್ಲ. ಸಿಟ್ಟು ಇಳಿದು ನಾಚ್ಕೆ ಆಯ್ತು.

"ಮಾರೋಣ್ವಾ ಗೋವಿಂದಿ?" ಅಂತ ಆಗ ಕೇಳ್ದೆ.

"ಈಗ್ ಯಾರ್ ತಗೊಂತಾರೆ ಅದನ್ನ!" ಅಂತ ನಕ್ಕು ನಕ್ಕು ಗೋಡೆಗೆ ಒರಗಿದ್ಲು. ನನಗೂ ತಡೀಲಾರದ ನಗು ಬಂತು.

ಹೋದ ತಿಂಗಳು ಕರು ಮಾರೋ ಮಾತು ಬಂತು. ಮೊದ್ಲು ಅವಳ್ನ ಕೇಳ್ದೆ. ಬ್ಯಾಡ ಅಂದ್ಲು. ಮಾರ್ಲಿಲ್ಲ.