ಹಬೆಯಕ್ಕ ಸೇರಿಸುತ್ತಿದ್ದ ಒಂದು

ಆಸ್ಪತ್ರೆಯ ಹಿಂಬದಿ, ಆಂಬುಲೆನ್ಸ್ ಶೆಡ್ಡಿಗೂ ಕೊಳೆಬಟ್ಟೆ ಇಳಿಸುವ ಕಟ್ಟೆಗೂ ನಡುವೆ ಒಂದು ತಗಡಿನ ಕೋಣೆ. ಹೋದ ವರ್ಷದ ಒಂದು ನಸುಕು. ಒಳಗೆ ಖಾಕಿ ಅಂಗಿ ತೊಟ್ಟ ಹೆಂಗಸೊಬ್ಬರು ಗಾಜಿನ ನಳಿಗೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೀರಿನ ಮಟ್ಟ ನೋಡುತ್ತಿದ್ದಾರೆ. ಮಟ್ಟ ಸರಿಯಿದೆ. ಕವಾಟಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಬೆಂಕಿ ಹೊತ್ತಿಸುತ್ತಾರೆ. ಗುಡುಗಿದಂಥ ಸದ್ದೊಂದು ಎದ್ದು, ಆಮೇಲೆ ಒಂದೇ ಸಮನೆ ಮೊರೆಯತೊಡಗುತ್ತದೆ. ಹಬೆಯ ಒತ್ತಡವನ್ನು ಬಾರ್ ಲೆಕ್ಕದಲ್ಲಿ ತೋರಿಸುವ ಗೇಜಿನ ಮುಳ್ಳು ಸೊನ್ನೆಯ ಮೇಲಿದೆ. ಅದು ಏಳಕ್ಕೆ ಏರುವವರೆಗೆ ಅವರಿಗೆ ಸ್ವಲ್ಪ ಬಿಡುವು.

ಆ ಬಿಡುವಿನಲ್ಲಿ ಸಾಬೂನುಪುಡಿಯ ರಟ್ಟಿನ ಡಬ್ಬಿಯೊಂದನ್ನು ಹರಿದು, ಅದರ ಬಿಳಿ ಮೈ ಮೇಲೆ ಪೆನ್ಸಿಲಿನಿಂದ ನಾಲ್ಕು ಚೌಕ ಬರೆಯುತ್ತಾರೆ. ಒಂದು ಬಾಯ್ಲರ್, ಒಂದು ಟರ್ಬೈನ್, ಒಂದು ಕಂಡೆನ್ಸರ್, ಒಂದು ಪಂಪು. ಚೌಕದಿಂದ ಚೌಕಕ್ಕೆ ಬಾಣ. ಬಾಯ್ಲರಿನಲ್ಲಿ ನೀರು ಹಬೆಯಾಗುತ್ತದೆ, ಹಬೆ ಟರ್ಬೈನಿನ ಚಕ್ರ ತಿರುಗಿಸುತ್ತದೆ, ಕಂಡೆನ್ಸರಿನಲ್ಲಿ ತಣಿದು ಮತ್ತೆ ನೀರಾಗುತ್ತದೆ, ಪಂಪು ಅದನ್ನು ಬಾಯ್ಲರಿಗೆ ವಾಪಸು ತಳ್ಳುತ್ತದೆ. ಕೊಟ್ಟ ಶಾಖದಲ್ಲಿ ನೂರಕ್ಕೆ ಎಷ್ಟು ಪಾಲು ಕೆಲಸವಾಯಿತು, ಇಷ್ಟೇ ಪ್ರಶ್ನೆ. ಸಂಜೆ ಕಾಲೇಜಿನ ಎಂಜಿನಿಯರಿಂಗ್ ತರಗತಿಯಲ್ಲಿ ಈ ಪ್ರಶ್ನೆ ಅವರನ್ನು ಮೂರು ಸಲ ನಪಾಸು ಮಾಡಿದೆ. ಕಾಲೇಜಿನ ನಿಯಮದಂತೆ ಒಂದು ವಿಷಯಕ್ಕೆ ನಾಲ್ಕೇ ಅವಕಾಶ. ನಾಲ್ಕನೆಯದೂ ಹೋದರೆ ಪಾಸಾದ ಉಳಿದೆಲ್ಲ ವಿಷಯಗಳೂ ಅದರ ಜೊತೆಗೇ ಹೋಗುತ್ತವೆ.

"ಪೈಪಿನಲ್ಲಿ ಶಾಖ ಸೋರಿಕೆ ಇಲ್ಲವೆಂದು ಭಾವಿಸಿ ಅಂತಾರೆ ನೋಡಿ ಇಲ್ಲಿ," ಅವರು ಪೆನ್ಸಿಲಿನ ತುದಿಯಿಂದ ಪಕ್ಕದಲ್ಲಿಟ್ಟ ಪುಸ್ತಕದ ಪ್ರಶ್ನೆ ತೋರಿಸುತ್ತಾರೆ. "ಯಾರ ಮನೆ ಪೈಪು ಅದು? ನಮಗೂ ಒಂದು ತಂದುಕೊಡೋಕೆ ಹೇಳಿ."

ಬಟ್ಟೆ ಒಗೆಯುವ ವಿಭಾಗದವರು ಅವರನ್ನು ಹಬೆಯಕ್ಕ ಎನ್ನುತ್ತಾರೆ. ಇಸ್ತ್ರಿ ಯಂತ್ರದ ಮುಂದೆ ನಿಂತ ಹಿರಿಯರು ಗೋಡೆಯ ಆಚೆಯಿಂದಲೇ ಕೂಗುತ್ತಾರೆ: "ಹಬೆಯಕ್ಕಾ, ಇನ್ನೂ ಎದ್ದಿಲ್ವಾ ನಿನ್ನ ಬಾಯ್ಲರು? ಇಲ್ಲಿ ಹೊದಿಕೆ ಎಲ್ಲಾ ನನ್ನ ಮುಖದ ಥರ ಸುಕ್ಕಾಗಿ ಕೂತಿವೆ."

"ನಿಮ್ಮ ಮುಖಕ್ಕೆ ಏಳು ಬಾರ್ ಸಾಲಲ್ಲ ಅಣ್ಣಾ," ಎಂದು ಇಲ್ಲಿಂದ ಉತ್ತರ ಹೋಗುತ್ತದೆ.

ಇಡೀ ಆಸ್ಪತ್ರೆಯ ಹೊದಿಕೆ, ಗೌನು, ಶಸ್ತ್ರಚಿಕಿತ್ಸೆಯ ಬಟ್ಟೆ ಎಲ್ಲವೂ ಈ ಹಬೆಯಲ್ಲೇ ಬೆಂದು, ಒಣಗಿ, ಮಡಿಕೆಯಾಗಿ ಮೇಲಿನ ಮಹಡಿಗಳಿಗೆ ಹೋಗಬೇಕು. ಮೇಲಿನವರಿಗೆ ಬಟ್ಟೆ ಬಿಳಿಯಾಗಿ ಬರುತ್ತದೆ ಎಂದಷ್ಟೇ ಗೊತ್ತು. ಬಾಗಿಲಿನ ಮೇಲೊಂದು ಬೋರ್ಡಿದೆ. ಬಾಯ್ಲರಿನ ಹೊಣೆ ಹೊತ್ತ ಎಂಜಿನಿಯರ್ ಎಂದು ಅದರಲ್ಲಿ ಬೇರೊಬ್ಬರ ಹೆಸರು. ಅವರು ವಾರಕ್ಕೊಮ್ಮೆ ಬಂದು ಸಹಿ ಮಾಡಿ ಹೋಗುತ್ತಾರೆ. ಕೆಲಸಗಾರರ ಬಾಯಲ್ಲಿ ಅವರು 'ಸಹಿ ಸಾಹೇಬ್ರು'. ಕೆಟ್ಟ ಮನುಷ್ಯರೇನಲ್ಲ, ಬಂದಾಗ ಹಬೆಯಕ್ಕನ ಯೋಗಕ್ಷೇಮ ವಿಚಾರಿಸುತ್ತಾರೆ. ಒಮ್ಮೆ ಪೆನ್ನು ಮರೆತು ಬಂದು ಅವರ ಪೆನ್ಸಿಲ್ ಕೇಳಿದ್ದೂ ಉಂಟು. ಕಾನೂನು ಕೇಳುವುದು ಪ್ರಮಾಣಪತ್ರವನ್ನು. ಪ್ರಮಾಣಪತ್ರದ ಪರೀಕ್ಷೆಗೆ ಕೂರಲು ಪದವಿ ಬೇಕು. ಪದವಿಗೆ ಅಡ್ಡ ನಿಂತಿರುವುದು ಈ ನಾಲ್ಕು ಚೌಕ.

"ಏನಾದ್ರೂ ಹೆಚ್ಚುಕಮ್ಮಿಯಾದ್ರೆ ನನ್ನ ಕೈ, ಸರಿಯಿದ್ರೆ ಅವರ ಸಹಿ," ಎನ್ನುತ್ತಾರೆ ಹಬೆಯಕ್ಕ. ದೂರುವ ದನಿಯಲ್ಲಿ ಹೇಳುವುದಿಲ್ಲ. ಗೇಜು ಓದುವ ದನಿಯಲ್ಲೇ ಹೇಳುತ್ತಾರೆ.

ಮುಳ್ಳು ಏಳರ ಹತ್ತಿರ ಬಂದಿದೆ. ಅವರು ಎದ್ದು ದೊಡ್ಡ ಕವಾಟವನ್ನು ಕೂದಲೆಳೆಯಷ್ಟು ಬಿಚ್ಚಿ ಕಿವಿಗೊಟ್ಟು ನಿಲ್ಲುತ್ತಾರೆ. ಅವಸರದಲ್ಲಿ ಬಿಚ್ಚಿದರೆ ಪೈಪಿನಲ್ಲಿ ನಿಂತ ತಣ್ಣೀರು ಸುತ್ತಿಗೆಯಂತೆ ಗುದ್ದುತ್ತದೆ. ಸದ್ದು ಹದಕ್ಕೆ ಬಂದ ಮೇಲೆ ಪೂರ್ತಿ ತೆರೆಯುತ್ತಾರೆ. ಗೋಡೆಯಾಚೆ ಇಸ್ತ್ರಿ ಯಂತ್ರ ನಿಟ್ಟುಸಿರು ಬಿಡುತ್ತದೆ.

ಮಧ್ಯಾಹ್ನ ಮನೆ. ಎರಡು ಕೋಣೆ, ಒಂದು ಕಿಟಕಿ, ಕಿಟಕಿಯ ಕೆಳಗೆ ಮೇಜು. ಗಂಡ ಇದೇ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತಾರೆ, ಯಾವ ಹೊತ್ತಿಗೆ ಬರುತ್ತಾರೆಂದು ಅವರಿಗೇ ಗೊತ್ತಿರುವುದಿಲ್ಲ. ಓದಿಗೆ ಜೊತೆ ಅತ್ತೆ. ಅತ್ತೆಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಹೊರರೋಗಿಗಳ ಕಿಟಕಿಯಲ್ಲಿ ಟೋಕನ್ ಕೂಗುವ ಕೆಲಸದಲ್ಲೇ ಅವರ ಕೂದಲು ಬೆಳ್ಳಗಾಗಿದೆ. ಈಗ ಹುರುಳಿಕಾಯಿಯ ನಾರು ತೆಗೆಯುತ್ತಾ, ಸ್ಟೀಮ್ ಟೇಬಲ್ ಪುಸ್ತಕವನ್ನು ಮಂಡಿಯ ಮೇಲೆ ಹರಡಿಕೊಂಡು ಸೊಸೆಗೆ ಅಂಕಿ ಓದಿ ಹೇಳುತ್ತಾರೆ. ಯಾವ ಒತ್ತಡಕ್ಕೆ ಹಬೆಯಲ್ಲಿ ಎಷ್ಟು ಶಾಖ ಅಡಗಿರುತ್ತದೆ ಎಂಬುದು ಆ ಪುಸ್ತಕದ ತುಂಬ ಸಾಲುಸಾಲಾಗಿದೆ. ಅತ್ತೆಯ ಪಾಲಿಗೆ ಅದೊಂದು ಉದ್ದನೆಯ ಸರದಿ.

"ಎರಡು ಎಂಟು ಸೊನ್ನೆ ನಾಲ್ಕು. ಮುಂದಿನವರು?" ಎಂದು ಅತ್ತೆ ಕೂಗುವಾಗ ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡುತ್ತಾರೆ.

ನಾಲ್ಕನೆಯ ಪರೀಕ್ಷೆಗೆ ಮುಂಚಿನ ಅಂಥದೊಂದು ಮಧ್ಯಾಹ್ನ ನಡೆದದ್ದನ್ನು ಅತ್ತೆ ಸೊಸೆ ಇಬ್ಬರೂ ಈಗ ಒಬ್ಬರ ಮಾತನ್ನೊಬ್ಬರು ತುಂಡರಿಸುತ್ತಾ ಹೇಳುತ್ತಾರೆ. ಲೆಕ್ಕದಲ್ಲಿ ಬಾಯ್ಲರಿನ ಒತ್ತಡ ಮೂವತ್ತು ಬಾರ್, ಕಂಡೆನ್ಸರಿನದು ಸೊನ್ನೆ ಚುಕ್ಕಿ ಒಂದು. ಹಬೆಯಕ್ಕ ಕೇಳಿದ್ದು ಮೂವತ್ತೊಂದರ ಸಾಲು.

"ಮೂವತ್ತೊಂದು ಇದರಲ್ಲಿ ಇಲ್ಲವಲ್ಲೇ. ಮೂವತ್ತಾದ ಮೇಲೆ ಮೂವತ್ತೈದೇ ಇರೋದು."

"ಎರಡೂ ಓದಿ ಅತ್ತೆ, ನಾನು ನಡುವಿನದನ್ನ ಲೆಕ್ಕ ಹಾಕ್ಕೋತೀನಿ."

"ನಿನ್ನ ಪ್ರಶ್ನೆಯಲ್ಲಿ ಮೂರು, ಪಕ್ಕದಲ್ಲಿ ಸೊನ್ನೆ ಅಂತ ನಾನೇ ನೋಡಿದೆ. ಮೂವತ್ತನೆಯವರು ಇಲ್ಲೇ ಕಣ್ಣೆದುರಿಗೆ ಕೂತಿದ್ದಾರೆ. ಕರೆದವರನ್ನ ಬಿಟ್ಟು ಪಕ್ಕದಲ್ಲಿ ಕೂತವರನ್ನ ಯಾಕೆ ಒಳಗೆ ಕಳಿಸ್ತೀಯ?"

"ನಿಮಗೆ ಅದು ಗೊತ್ತಾಗಲ್ಲ. ಸುಮ್ನೆ ಓದಿ."

"ಆಯ್ತು ತಾಯಿ, ನಾನು ಓದದವಳು," ಎಂದು ಅತ್ತೆ ಪುಸ್ತಕ ಮಡಚಿ, ಹುರುಳಿಕಾಯಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಹಬೆಯಕ್ಕನಿಗೆ ಸಿಟ್ಟು ಬಂತು. ಅತ್ತೆಯ ಮಾತು ತಪ್ಪೆಂದು ತೋರಿಸಲೆಂದೇ ಮೂವತ್ತರ ಸಾಲನ್ನೇ ತೆಗೆದು, ಸೊನ್ನೆ ಚುಕ್ಕಿ ಒಂದನ್ನೂ ಇದ್ದ ಹಾಗೇ ಇಟ್ಟು ಲೆಕ್ಕ ಮಾಡಿದರು. ಅವರ ದಾರಿಯಲ್ಲಿ ಯಾವಾಗಲೂ ನೂರಕ್ಕೆ ಇಪ್ಪತ್ತಮೂರರ ಆಸುಪಾಸು ಬರುತ್ತಿತ್ತು. ಈಗ ಮೂವತ್ತೆರಡು ಬಂತು. ಲೆಕ್ಕದ ಪುಸ್ತಕದ ಕೊನೆಯ ಪುಟದ ಉತ್ತರದಲ್ಲೂ ಮೂವತ್ತೆರಡೇ ಇತ್ತು.

ವಿಷಯ ಇಷ್ಟು. ಗೇಜು ಸೊನ್ನೆ ತೋರಿಸುವಾಗಲೂ ಬಾಯ್ಲರಿನ ಒಳಗೆ ಹೊರಗಿನ ಗಾಳಿಯಷ್ಟೇ ಒತ್ತಡ ಇದ್ದೇ ಇರುತ್ತದೆ, ಸುಮಾರು ಒಂದು ಬಾರ್. ಆದ್ದರಿಂದ ಗೇಜು ತೋರಿಸಿದ್ದಕ್ಕೆ ಒಂದು ಸೇರಿಸಿದರೆ ಪೂರ್ಣ ಒತ್ತಡ. ಸ್ಟೀಮ್ ಟೇಬಲ್ ಬರೆದಿರುವುದು ಪೂರ್ಣ ಒತ್ತಡಕ್ಕೆ. ಗೇಜಿನ ಮುಂದೆಯೇ ದುಡಿದವರಿಗೆ ಒತ್ತಡವೆಂದರೆ ಮುಳ್ಳು ತೋರಿಸಿದ್ದು, ಬೇರೆ ಒತ್ತಡವನ್ನು ಅವರು ಕಂಡೇ ಇಲ್ಲ, ಪ್ರಶ್ನೆಯಲ್ಲಿ ಕೊಟ್ಟದ್ದೂ ಅದೇ ಎಂದುಕೊಂಡು ಒಂದು ಸೇರಿಸುತ್ತಾರೆ. ಪುಸ್ತಕದವರಿಗೋ ಒತ್ತಡವೆಂದರೆ ಪೂರ್ಣ ಒತ್ತಡ, ಮುಳ್ಳನ್ನು ಅವರು ಕಂಡಿಲ್ಲ. ಮೂವತ್ತಕ್ಕೆ ಒಂದು ಸೇರಿದರೆ ಅಂಥ ಅನಾಹುತವೇನೂ ಇಲ್ಲ. ಕಂಡೆನ್ಸರಿನೊಳಗೆ ಗಾಳಿಯೇ ಇಲ್ಲವೆನ್ನುವಷ್ಟು ಕಡಿಮೆ ಒತ್ತಡ, ಅಲ್ಲಿನ ಸೊನ್ನೆ ಚುಕ್ಕಿ ಒಂದಕ್ಕೆ ಒಂದು ಸೇರಿದರೆ ಲೆಕ್ಕದ ಬುಡವೇ ಕುಸಿಯುತ್ತದೆ. ಆಸ್ಪತ್ರೆಯಲ್ಲಿ ಟರ್ಬೈನೂ ಇಲ್ಲ, ಕಂಡೆನ್ಸರೂ ಇಲ್ಲ. ಹಬೆಯಕ್ಕ ಅದನ್ನು ನೋಡಿದ್ದು ತಾವೇ ಬರೆದ ಚೌಕದಲ್ಲಿ ಮಾತ್ರ.

ಉತ್ತರ ತಾಳೆಯಾಗದಿದ್ದಾಗ ಏನಂದುಕೊಳ್ಳುತ್ತಿದ್ದಿರಿ ಎಂದು ಕೇಳಿದರೆ ಅವರಿಗೆ ನಗು ಬರುತ್ತದೆ. "ಪುಸ್ತಕದವರ ಬಾಯ್ಲರು ಚೆನ್ನಾಗಿರಬೇಕು ಅಂದ್ಕೋತಿದ್ದೆ. ಅವರ ಪೈಪು ಸೋರಲ್ವಲ್ಲ."

ಮೂರು ಉತ್ತರಪತ್ರಿಕೆಗಳ ನಕಲನ್ನೂ ಅವರು ತರಿಸಿಕೊಂಡು ನೋಡಿದ್ದಾರೆ. ಮೂರರಲ್ಲೂ ಮೊದಲ ಸಾಲಿನ ಹತ್ತಿರ ಶುರುವಾದ ಕೆಂಪು ಗೆರೆ ಪುಟದ ಬುಡಕ್ಕೆ ನೇರ ಇಳಿದಿದೆ. ಕೆಳಗಿನ ಹೆಜ್ಜೆಗಳನ್ನು ಯಾರೂ ಓದಿಲ್ಲ. ಎಲ್ಲ ಪ್ರಶ್ನೆಯಲ್ಲೂ ಒಂದೇ ತಪ್ಪು, ಒಂದೇ ಜಾಗದಲ್ಲಿ, ಒಂದೇ ಅಳತೆಯದು. ಹೀಗೆ ತಪ್ಪುವವರು ದಡ್ಡರಾಗಿರಲಾರರು, ಎಲ್ಲೋ ಏನನ್ನೋ ನಂಬಿದ್ದಾರೆ ಎಂದು ಯಾರಿಗೂ ಅನ್ನಿಸಲಿಲ್ಲ. ಗೆರೆ ಎಳೆಯಲು ಅರೆಗಳಿಗೆ ಸಾಕು. ಆ ಗೆರೆ ಮನುಷ್ಯರೊಬ್ಬರ ವರ್ಷವನ್ನು ತಿನ್ನುತ್ತದೆ.

ಅಂದು ಹಬೆಯಕ್ಕ ಅಡುಗೆಮನೆಯ ಬಾಗಿಲಿಗೆ ಹೋಗಿ, "ಅತ್ತೆ, ಇನ್ನೊಂದು ಲೆಕ್ಕ ಓದ್ತೀರಾ?" ಎಂದರು.

"ಮೊದಲು ಟೀ ಇಡು," ಎಂದರು ಅತ್ತೆ.

ಸಂಜೆ ತರಗತಿ ಕೊಳವೆದೀಪದ ಕೆಳಗೆ ನಡೆಯುತ್ತದೆ. ಹಗಲಿನ ಹುಡುಗರು ಕೆತ್ತಿಟ್ಟ ಹೆಸರುಗಳಿರುವ ಬೆಂಚಿನ ಮೇಲೆ ದುಡಿದು ದಣಿದ ಮೈಗಳು. ಮಾರನೆಯ ಸಂಜೆ ಪಾಠ ಮುಗಿಯುವ ಹೊತ್ತಿಗೆ ಹಬೆಯಕ್ಕ ಹಿಂದಿನ ಬೆಂಚಿನಿಂದ ಎದ್ದು ನಿಂತು ಕೇಳಿದರು, ಕೊಟ್ಟ ಒತ್ತಡಕ್ಕೆ ಒಂದು ಸೇರಿಸುವವರು ಇಲ್ಲಿ ಇನ್ನೂ ಯಾರಾದರೂ ಇದ್ದಾರಾ ಎಂದು. ಹಳೇ ಟೈರಿಗೆ ಹೊಸ ರಬ್ಬರ್ ಹಾಕುವ ಕಾರ್ಖಾನೆಯವರೊಬ್ಬರು ಕೈ ಎತ್ತಿದರು. ಬಣ್ಣದ ಕಾರ್ಖಾನೆಯವರೊಬ್ಬರು ಎತ್ತಿದರು. ರಟ್ಟಿನ ಗಿರಣಿಯಿಂದ ಬರುವ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎತ್ತಿದರು. ಎಲ್ಲರೂ ಬಾಯ್ಲರಿನ ಮಗ್ಗುಲಲ್ಲಿ ದುಡಿಯುವವರು, ಎಲ್ಲರೂ ಈ ವಿಷಯದಲ್ಲಿ ನಪಾಸಾದವರು. ಕಚೇರಿಗಳಿಂದ ಬರುವ ಗುಮಾಸ್ತರ ಕೈಗಳು ಬೆಂಚಿನ ಮೇಲೆಯೇ ಇದ್ದವು. ಅವರೆಲ್ಲ ಮೊದಲ ಸಲಕ್ಕೇ ಪಾಸು.

ಹಬೆಯನ್ನು ಕಂಡವರು ಹಬೆಯ ಪರೀಕ್ಷೆಯಲ್ಲಿ ಬೀಳುವುದು, ಕಾಣದವರು ಗೆಲ್ಲುವುದು ಆ ಕಾಲೇಜಿನಲ್ಲಿ ವರ್ಷಗಳಿಂದ ನಡೆದು ಬಂದಿದೆ. ಕೂಲಿ ಮಾಡಿ ಬರುವವರಿಗೆ ತಲೆಗೆ ಹತ್ತುವುದಿಲ್ಲ ಎಂದು ಅದಕ್ಕೊಂದು ವಿವರಣೆಯೂ ತಯಾರಿತ್ತು. ವಿಭಾಗದ ಮುಖ್ಯಸ್ಥರು ಹೇಳುವುದರಲ್ಲೂ ಸುಳ್ಳಿಲ್ಲ: "ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದೆ. ಬೇರೆ ಥರ ಹೇಳದಿದ್ದರೆ ಪೂರ್ಣ ಒತ್ತಡ ಅಂತ ತಗೋಬೇಕು. ಓದಬೇಕಾದ್ದು ಅವರ ಕೆಲಸ."

"ನಿಜ, ಅಲ್ಲಿದೆ," ಎಂದು ಹಬೆಯಕ್ಕ ಒಪ್ಪುತ್ತಾರೆ. "ಒತ್ತಡ ಅಂದ್ರೇನು ಅನ್ನೋ ಅಧ್ಯಾಯ ಅದು. ನನಗೆ ಗೊತ್ತಿರೋದೇ ಅಲ್ವಾ ಅಂತ ಹಾರಿಸಿಬಿಟ್ಟಿದ್ದೆ."

ನಾಲ್ಕನೆಯ ಪರೀಕ್ಷೆಗೆ ಅವರು ಬೆಳಗಿನ ಪಾಳಿ ಮುಗಿಸಿಯೇ ಹೋದರು. ಪ್ರಶ್ನೆಯಲ್ಲಿ ಬಾಯ್ಲರಿಗೆ ನಲವತ್ತು ಬಾರ್ ಎಂದಿತ್ತು. ಯಾವ ನಲವತ್ತು ಎಂದು ಈ ಸಲವೂ ಬರೆದಿರಲಿಲ್ಲ. "ಕೈ ತಾನಾಗೇ ನಲವತ್ತೊಂದು ಬರೀತು. ಹೊಡೆದು ಹಾಕ್ದೆ. ಕಂಡೆನ್ಸರಿನ ಹತ್ರ ಬಂದಾಗ ಪೆನ್ನು ಕೆಳಗಿಟ್ಟು ಬೆರಳು ನೆಟಿಕೆ ತೆಗೆದು ಆಮೇಲೆ ಬರೆದೆ. ಇಷ್ಟು ವರ್ಷ ಸರಿಯಾದ್ದನ್ನೇ ಮಾಡಿದ ಕೈ ಅದು, ಅದಕ್ಕೇನು ಗೊತ್ತು ಇಲ್ಲಿ ತಪ್ಪು ಅಂತ."

ಫಲಿತಾಂಶ ಬಂದ ದಿನ ಗಂಡ ಆಂಬುಲೆನ್ಸನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಹೆಂಡತಿಯನ್ನೂ ಕರೆದುಕೊಂಡು ಮನೆಗೆ ಓಡಿದರು. ಫೋನನ್ನು ಕೊಟ್ಟದ್ದು ಅತ್ತೆಯ ಕೈಗೆ, ಅಂಕಿ ಓದುವ ಅಧಿಕಾರ ಆ ಮನೆಯಲ್ಲಿ ಅವರದ್ದು. ಅವರು ಕಣ್ಣು ಕಿರಿದು ಮಾಡಿ, ಹಳೆಯ ಕಿಟಕಿಯ ದನಿಯಲ್ಲೇ ಕೂಗಿದರು: "ಐದು ಎಂಟು." ಆಮೇಲೆ ಸೊಸೆಯ ಕಡೆ ತಿರುಗಿ, "ಇದಕ್ಕೂ ಒಂದು ಸೇರಿಸ್ತೀಯೋ, ಇಷ್ಟೇ ಸಾಕೋ?" ಎಂದರು. ಹಬೆಯಕ್ಕ ನಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತೆಯ ಮಂಡಿಗೆ ಹಣೆ ಆನಿಸಿದರು. ಪಾಸಾಗಲು ಐವತ್ತು ಬೇಕಿತ್ತು.

ಟೈರ್ ಕಾರ್ಖಾನೆಯವರು ಈ ಸಲ ಪರೀಕ್ಷೆಗೇ ಕೂತಿರಲಿಲ್ಲ, ಅವರ ಪಾಳಿ ಬದಲಾಗಿತ್ತು. ಅವರಿಗೆ ಉಳಿದಿರುವುದು ಒಂದೇ ಅವಕಾಶ. ಹಿಂದಿನ ಬೆಂಚಿಗೆ ಈ ವರ್ಷ ಹೊಸಬರು ಬಂದು ಕೂತಿದ್ದಾರೆ. ಅವರಲ್ಲೂ ಕೆಲವರ ಅಂಗಿಯಲ್ಲಿ ಎಣ್ಣೆಯ ಕಲೆಯಿದೆ.

ಹೋದ ವಾರ ಹಬೆಯಕ್ಕ ಅಂದು ತರಗತಿಯಲ್ಲಿ ಕೈ ಎತ್ತಿದ ನಾಲ್ವರನ್ನೂ ಕರೆದುಕೊಂಡು ಮುಖ್ಯಸ್ಥರ ಕೋಣೆಗೆ ಹೋಗಿದ್ದರು. ಕೇಳಿದ್ದು ಒಂದೇ: ಸಂಜೆಯವರ ಪ್ರಶ್ನೆಪತ್ರಿಕೆಯಲ್ಲಿ ಒತ್ತಡ ಎಂಬ ಪದಕ್ಕೆ ಮೊದಲು 'ಪೂರ್ಣ' ಎಂಬ ಇನ್ನೊಂದು ಪದ ಅಚ್ಚು ಹಾಕಿಸಿ. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ, "ನೀವು ಪಾಸಾದಿರಲ್ಲಮ್ಮ, ಇನ್ಯಾಕೆ ನಿಮಗೆ ಈ ತಾಪತ್ರಯ?" ಎಂದರಂತೆ. ಸಮಿತಿಯ ಮುಂದಿಡುತ್ತೇನೆ ಎಂದೂ ಹೇಳಿದರಂತೆ. ಸಮಿತಿ ಯಾವಾಗ ಸೇರುತ್ತದೆಂದು ಇವರು ಕೇಳಿದಾಗ ಅವರಿಗೆ ಫೋನು ಬಂತು.

ಬಾಗಿಲಿನ ಬೋರ್ಡು ಸದ್ಯಕ್ಕೆ ಬದಲಾಗುವುದಿಲ್ಲ. ಪ್ರಮಾಣಪತ್ರದ ಪರೀಕ್ಷೆ ಇನ್ನೂ ಮುಂದಿದೆ, ಸಹಿ ಸಾಹೇಬ್ರು ವಾರಕ್ಕೊಮ್ಮೆ ಬರುತ್ತಲೇ ಇದ್ದಾರೆ. ಅದರ ಬಗ್ಗೆ ಕೇಳಿದರೆ ಹಬೆಯಕ್ಕ "ಬರ್ಲಿ ಬಿಡಿ" ಎಂದು ಕೈ ಒರೆಸಿಕೊಳ್ಳುತ್ತಾರೆ. ಆ ಒಂದು ಪದದ ಮಾತು ಬಂದಾಗ ಮಾತ್ರ ಕೆಲಸ ನಿಲ್ಲಿಸಿ, ಎದುರು ನಿಂತು ಮಾತಾಡುತ್ತಾರೆ.

"ಸಮಿತಿ ಸೇರೋ ತನಕ ವಾರವಾರ ಹೋಗಿ ಕೇಳ್ತೀನಿ. ಹೋದ ವರ್ಷ ಇದೇ ಮಾತು ಹೇಳಿದ್ದಿದ್ರೆ, ಕುಣಿಯಲಾರದೋಳು ನೆಲ ಡೊಂಕು ಅಂದಳು ಅಂತಿದ್ರು. ಈಗ ಕುಣಿದು ತೋರಿಸಿದೀನಲ್ಲ. ನೆಲ ಡೊಂಕೇ."