ಅಲ್ಲಾಡ್ಬೇಡಿ ಬೊಮ್ಮಪ್ಪನ ಒಂದು ನಿಮಿಷ

ಫೋಟೋದಲ್ಲಿ ಸುರಿಯುವ ನೀರಿನಿಂದ ಯಾರ ಮನೆಯ ಕ್ಯಾನೂ ತುಂಬುವುದಿಲ್ಲ. ನಿಮಗೆ ಗೊತ್ತಿರಬೇಕಾದ ಸಂಗತಿ ಇದು. ಗೊತ್ತಿದ್ದೂ, ಅಂಥ ಫೋಟೋ ಫೋನಿಗೆ ಬಂದ ಕೂಡಲೇ ಕೈಮುಗಿಯುವ ಚಿತ್ರ ಒತ್ತಿ ಮುಂದಕ್ಕೆ ತಳ್ಳುತ್ತೀರಿ. ಯಾವ ಊರಿನದು, ಯಾವ ವರ್ಷದ್ದು ಅಂತ ಕೇಳುವುದಿಲ್ಲ. ನಾನೂ ಕೇಳುತ್ತಿರಲಿಲ್ಲ. ಬೊಮ್ಮಪ್ಪ ಕೇಳಿದ. ಕೇಳದೆ ಅವನಿಗೆ ದಾರಿಯಿರಲಿಲ್ಲ, ಏಕೆಂದರೆ ಆ ಫೋಟೋ ಅವನದೇ.

ಕೊರಟಗೆರೆಯಿಂದ ಚನ್ನರಾಯನದುರ್ಗದ ಕಡೆ ಹೋಗುವಾಗ ಸಿಗುವ ಹಳ್ಳಿಯೊಂದರಲ್ಲಿ ಬೊಮ್ಮಪ್ಪನ ಸ್ಟುಡಿಯೋ ಇದೆ. ಸ್ಟುಡಿಯೋ ಎಂದರೆ ಹತ್ತಡಿ ಕೋಣೆ, ಒಂದು ಸ್ಟೂಲು, ಹಿಂದೊಂದು ನೀಲಿ ಪರದೆ, ಮೊಳೆಗೆ ನೇತುಹಾಕಿದ ಒಂದು ಕೋಟು. ಸುತ್ತಲ ಹತ್ತು ಹಳ್ಳಿಯ ಗಂಡಸರು ಪಾಸ್‌ಪೋರ್ಟ್ ಸೈಜಿನಲ್ಲಿ ಅದೇ ಕೋಟು ತೊಟ್ಟು ಕೂತಿದ್ದಾರೆ. ಬೊಮ್ಮಪ್ಪನಿಗೆ ಈಗ ಐವತ್ತೆಂಟು. ಮೂವತ್ತು ವರ್ಷದಿಂದ ಅವನ ಬಾಯಲ್ಲಿ ಓಡಾಡಿದ ಮಾತು ಒಂದೇ: "ಅಲ್ಲಾಡ್ಬೇಡಿ!" ರೀಲಿನ ಕಾಲದಲ್ಲಿ ಒಂದು ಫೋಟೋ ಕೆಟ್ಟರೆ ಕೆಟ್ಟಂತೆಯೇ, ಆ ಹೆದರಿಕೆ ನಾಲಿಗೆಗೆ ಅಂಟಿಕೊಂಡಿತು. ಧಾರೆಯ ಹೊತ್ತಿನಲ್ಲಿ ಪುರೋಹಿತರನ್ನೇ ಅರ್ಧ ಮಂತ್ರಕ್ಕೆ ನಿಲ್ಲಿಸಿದವನು ಅವನು. ತೊಟ್ಟಿಲ ಕೂಸಿಗೂ ಹೇಳಿದ್ದಾನೆ, ವಿಮೆಯ ಫೋಟೋಗೆ ಹಿಡಿದು ತಂದ ಎಮ್ಮೆಗೂ ಹೇಳಿದ್ದಾನೆ. ಎಮ್ಮೆ ಮಾತ್ರ ಒಂದೇ ಸಲಕ್ಕೆ ಕೇಳಿತಂತೆ. ಊರಿನವರಿಗೆ ಅವನು 'ಅಲ್ಲಾಡ್ಬೇಡಿ ಬೊಮ್ಮಪ್ಪ'.

ನಾಲ್ಕು ವರ್ಷದ ಹಿಂದೆ ಊರಿಗೆ ಕುಡಿಯುವ ನೀರಿನ ಫಿಲ್ಟರ್ ಘಟಕ ಬಂತು. ಕಾಯಿನ್ ಹಾಕಿದರೆ ಕ್ಯಾನ್ ತುಂಬುವ ಯಂತ್ರ. ಉದ್ಘಾಟನೆಯ ದಿನ ಬೊಮ್ಮಪ್ಪನೇ ಫೋಟೋಗ್ರಾಫರು. ಚೆಂಡುಹೂವಿನ ಹಾರ ಹಾಕಿಸಿಕೊಂಡ ನಲ್ಲಿ, ಕೆಳಗೆ ಕ್ಯಾನ್ ಹಿಡಿದ ನರಸಿಂಹಮ್ಮ, ಮೈಮೇಲೆ ಮಾವಿನಕಾಯಿ ಅಂಚಿನ ಹಸಿರು ಸೀರೆ, ಮುಖದ ತುಂಬಾ ನಗು. ನರಸಿಂಹಮ್ಮ ಅವನಿಗೆ ವರಸೆಯಲ್ಲಿ ಅತ್ತಿಗೆ. ತನ್ನ ಜನ್ಮದಲ್ಲೇ ಒಳ್ಳೆಯ ಫೋಟೋ ಅದು ಎಂದು ಬೊಮ್ಮಪ್ಪ ಅದನ್ನು ದೊಡ್ಡದು ಮಾಡಿ ಬಾಗಿಲಿಗೆ ಹಾಕಿದ. ಒಂದು ಪ್ರತಿ ಘಟಕ ನೋಡಿಕೊಳ್ಳುವ ಗುತ್ತಿಗೆದಾರನ ಫೋನಿಗೂ ಹೋಯಿತು.

ಈ ವರ್ಷ ಯುಗಾದಿ ಕಳೆದದ್ದೇ ಘಟಕ ನಿಂತಿತು. ಕಾಯಿನ್ ನುಂಗುವ ಕೆಲಸ ಮಾತ್ರ ನಿಲ್ಲಲಿಲ್ಲ. ಊರಿನ ಬೋರ್‌ವೆಲ್ ನೀರು ಕುಡಿದವರ ಹಲ್ಲು ಕಂದು ತಿರುಗುತ್ತದೆ. ಹಾಗಾಗಿ ಹೆಂಗಸರು ಪಕ್ಕದೂರಿಗೆ ಎರಡು ಕಿಲೋಮೀಟರು ಕ್ಯಾನ್ ಹೊತ್ತರು. ತಾಲ್ಲೂಕು ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟರು. ಮೂರು ಸಲವೂ ಅದೇ ಉತ್ತರ: "ಘಟಕ ಚಾಲನೆಯಲ್ಲಿದೆ. ಈ ತಿಂಗಳ ಫೋಟೋ ಲಗತ್ತಿಸಿದೆ."

ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಅನುಪಮಾ ಆ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದಳು. ಹಸಿರು ಸೀರೆ, ಚೆಂಡುಹೂವು, ನಗು.

"ನೋಡ್ರೇ, ನಂಗೆ ನಾಕು ವರ್ಷದಿಂದ ವಯಸ್ಸೇ ಆಗಿಲ್ಲ," ಎಂದಳು ನರಸಿಂಹಮ್ಮ. "ಆ ಸೀರೆ ಹರಿದು ಒಲೆ ಒರ್ಸೋ ಬಟ್ಟೆ ಆಗೈತೆ ಕಣಯ್ಯ ಮೈದ್ನ. ನಿನ್ ಫೋಟೋದಾಗೆ ಮಾತ್ರ ನಾನಿನ್ನೂ ನೀರು ಹಿಡೀತಾನೇ ಇವ್ನಿ!"

ಎಲ್ಲರೂ ನಕ್ಕರು. ಬೊಮ್ಮಪ್ಪ ನಗಲಿಲ್ಲ. "ನನ್ ಫೋಟೋ ಸುಳ್ಳು ಹೇಳ್ತೈತಲ್ಲ ಅತ್ತಿಗೆ," ಎಂದ. ಅವತ್ತು ಸಂಜೆ ಬಾಗಿಲಿನ ಫೋಟೋವನ್ನು ಗೋಡೆಯ ಕಡೆ ತಿರುಗಿಸಿಟ್ಟ.

ಸುಳ್ಳು ಹೇಳುವುದಕ್ಕೆ ಸುಳ್ಳು ಫೋಟೋ ಬೇಕಿಲ್ಲ. ನಿಜವಾದ ಫೋಟೋದ ಕೆಳಗೆ ಬೇರೆ ತಿಂಗಳು ಬರೆದರೆ ಸಾಕು. ಇದನ್ನು ಮಾಡಿದವನಿಗೆ ನಾಚಿಕೆಯಾಗಲಿಲ್ಲ. ಫೋಟೋ ತೆಗೆದವನಿಗೆ ಆಯಿತು. ನಮ್ಮಲ್ಲಿ ನಾಚಿಕೆ ಯಾವಾಗಲೂ ಹೀಗೆ ತಪ್ಪು ಮನೆಗೇ ಹೋಗುತ್ತದೆ.

ಬೊಮ್ಮಪ್ಪ ಒಣ ನಲ್ಲಿಯ ಫೋಟೋ ತೆಗೆದು ಕಚೇರಿಗೆ ಕಳಿಸಿದ. "ನಲ್ಲಿ ನಿಲ್ಲಿಸಿದ್ದಾಗ ತೆಗೆದದ್ದು" ಎಂದು ಉತ್ತರ ಬಂತು. ಆಗ ಅನುಪಮಾ, "ಮಾವ, ವಿಡಿಯೋ ಮಾಡೋಣ. ಗ್ರಂಥಾಲಯದ ಓದುಗರದ್ದೇ ಒಂದು ಬ್ಲಾಗ್ ಇದೆ, ಅದರಲ್ಲಿ ಹಾಕ್ತೀನಿ," ಎಂದಳು. ಪಾಠ ಶುರುವಾಯಿತು. ಫೋನನ್ನು ಅಡ್ಡ ಹಿಡಿಯಬೇಕು. ಬಿಸಿಲು ಬೆನ್ನಿಗಿರಬೇಕು. ಗಾಳಿ ಬೀಸುವಾಗ ಮಾತು ಕೇಳುವುದಿಲ್ಲ, ಹತ್ತಿರ ಹೋಗಬೇಕು. ಅವತ್ತಿನ ಪೇಪರ್ ಒಬ್ಬರ ಕೈಲಿರಬೇಕು, ತಾರೀಖು ಕಾಣಬೇಕು.

"ಲೇ ಅನುಪಮಾ, ನೀನು ಹುಟ್ಟಿದಾಗ ಫೋಟೋ ತೆಗ್ದೋನು ನಾನು ಕಣಮ್ಮ. ನಂಗೇ ಬೆಳಕು ಕಲಿಸ್ತೀಯಾ?"

"ಬೆಳಕು ನಿಮಗೆ ಗೊತ್ತು ಮಾವ. ಓಡಾಟ ಗೊತ್ತಿಲ್ಲ."

ಮಾರನೆಯ ಬೆಳಗ್ಗೆ ಘಟಕದ ಮುಂದೆ ಆರು ಹೆಂಗಸರು, ಆರು ಕ್ಯಾನು. ಬೊಮ್ಮಪ್ಪ ಫೋನನ್ನು ಅಡ್ಡ ಹಿಡಿದ, ಬಿಸಿಲಿಗೆ ಬೆನ್ನು ಕೊಟ್ಟ, ಪೇಪರಿನ ತಾರೀಖು ಕಾಣುವಂತೆ ನಿಲ್ಲಿಸಿದ. ಎಲ್ಲ ಹೇಳಿಕೊಟ್ಟಂತೆಯೇ. "ಹಾಕತ್ತಿಗೆ ಕಾಯಿನ್ನು," ಎಂದ. ನರಸಿಂಹಮ್ಮ ಹಾಕಿದಳು. ಠಣ್ ಎಂದಿತು. ಅಷ್ಟರಲ್ಲಿ ಮೂವತ್ತು ವರ್ಷದ ನಾಲಿಗೆ ತಾನಾಗಿಯೇ ತಿರುಗಿತು: "ಅಲ್ಲಾಡ್ಬೇಡಿ!"

ಆರು ಜನವೂ ಕಂಬವಾದರು. ಇವನ ಕ್ಯಾಮೆರಾದ ಮುಂದೆ ಮದುವೆಯಾದವರು, ಇವನ ಮಾತು ಮೈಗೆ ಹತ್ತಿದವರು. ಕಣ್ಣು ಮಿಟುಕಿಸಲಿಲ್ಲ. ಇವನೂ ಉಸಿರು ಬಿಗಿಹಿಡಿದು ನಿಂತ. ಒಂದು ನಿಮಿಷ.

"ಅಯ್ಯೋ ಮಾವ, ಇದು ವಿಡಿಯೋ! ಅಲ್ಲಾಡ್ಬೇಕು!" ಅನುಪಮಾ ಹಣೆ ಚಚ್ಚಿಕೊಂಡಳು.

"ಅದ್ಯಾಕ್ ಮೊದ್ಲೇ ಹೇಳ್ಲಿಲ್ಲ?"

ಎರಡನೇ ಸಲ ಎಲ್ಲರೂ ಅಲ್ಲಾಡಿದರು. ಎಷ್ಟು ಅಲ್ಲಾಡಿದರೆಂದರೆ ನಲ್ಲಿಯೇ ಕಾಣಲಿಲ್ಲ. ಆರು ಬಾಯಿ ಒಟ್ಟಿಗೆ ಮಾತಾಡಿ ಒಂದೂ ತಿಳಿಯಲಿಲ್ಲ. ಮೊದಲನೆಯದನ್ನು ಅಳಿಸಲು ಬೆರಳಿಟ್ಟ ಅನುಪಮಾ ಕೊನೆಯ ಸಲ ನೋಡೋಣವೆಂದು ನೋಡಿದಳು. ಕಾಯಿನ್ ಬೀಳುವ ಸದ್ದು. ಅಲ್ಲಿಂದ ಮುಂದೆ ಏನೂ ಇಲ್ಲ. ಫೋಟೋ ಇರಬೇಕು ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಒಂದು ಮೇಕೆ ಬಂದು, ಉದ್ಘಾಟನೆಯ ಬ್ಯಾನರಿನ ತುದಿ ಹರಿದು, ಅಗಿಯುತ್ತಾ ಹೋಯಿತು. ಮೇಕೆ ಅಲ್ಲಾಡಿತು. ಅಲ್ಲಾಡಬೇಕಾಗಿದ್ದ ನೀರು ಅಲ್ಲಾಡಲಿಲ್ಲ.

ಅನುಪಮಾ ಬೆರಳು ತೆಗೆದಳು. ಒಂದು ಚೂರೂ ಕತ್ತರಿಸದೆ, ಹಾಡು ಸೇರಿಸದೆ, ಊರು ಮತ್ತು ತಾರೀಖು ಬರೆದು ಹಾಕಿದಳು.

ಶಿರಾದಿಂದ ಒಬ್ಬರು ಬರೆದರು: "ಅರೆ ಭಾಯ್, ನನ್ ನೆಟ್ ಹೋಯ್ತು ಅಂತ ಎರಡು ಸಲ ಫೋನ್ ಆಫ್ ಮಾಡ್ದೆ!" ಪಾವಗಡದವರೊಬ್ಬರು: "ಮೇಕ ಆಕ್ಟಿಂಗ್ ಸೂಪರ್ ಅಂಡಿ." ನಾನು ನೋಡಿದ್ದು ಮಧುಗಿರಿಯ ಬಸ್ಸಿನಲ್ಲಿ, ಫೋನನ್ನು ಕುಟ್ಟಿದೆ. ನಗಲು ಬಂದವರೆಲ್ಲ ಮೇಕೆಗಾಗಿ ಕಾದರು. ಕಾಯುತ್ತಾ ಒಣ ನಲ್ಲಿಯನ್ನು ಪೂರ್ತಿ ಒಂದು ನಿಮಿಷ ನೋಡಿದರು. ಅಷ್ಟು ಹೊತ್ತು ಆ ನಲ್ಲಿಯನ್ನು ಅದರ ಉಸ್ತುವಾರಿಯವರೂ ನೋಡಿರಲಿಕ್ಕಿಲ್ಲ.

ನಾಲ್ಕನೆಯ ದಿನ ಗುತ್ತಿಗೆದಾರನ ಫೋನು. "ಏನಪ್ಪಾ ಬೊಮ್ಮಪ್ಪ, ನಮ್ಮೋನೇ ಇಂಗೆ ಮಾಡ್ಬುಟ್ರೆ ಹೆಂಗೆ? ಸೋಮವಾರ ರಿಪೇರಿ ಮಾಡ್ಸ್ತೀನಿ. ಮೊದ್ಲು ಆ ವಿಡಿಯೋ ತೆಗ್ಸು."

ಬೊಮ್ಮಪ್ಪ ಮೆತ್ತಗಿನ ಮನುಷ್ಯ. ಸ್ಟೂಲಿನ ಮೇಲೆ ಕೂತವರನ್ನು ಬಿಟ್ಟರೆ ಯಾರಿಗೂ ಗದರಿದವನಲ್ಲ. ಅವತ್ತೂ ಮೆತ್ತಗೇ ಹೇಳಿದ:

"ಮೊದ್ಲು ನೀರು ಅಲ್ಲಾಡ್ಲಿ ಸ್ವಾಮಿ. ಆಮೇಲೆ ನಾನು ಅಲ್ಲಾಡ್ತೀನಿ."

ಸೋಮವಾರ ಯಾರೂ ಬರಲಿಲ್ಲ. ವಿಡಿಯೋ ಇದ್ದಲ್ಲೇ ಇತ್ತು. ಗುರುವಾರ ಮೋಟರು, ಹೊಸ ಫಿಲ್ಟರು ಹೊತ್ತ ಗಾಡಿ ಬಂತು. ಸಂಜೆಗೆ ನರಸಿಂಹಮ್ಮನ ಕ್ಯಾನ್ ತುಂಬಿತು. ಗಾಡಿಯವನು ಬೊಮ್ಮಪ್ಪನ ಕಡೆ ತಿರುಗಿ, "ಅಣ್ಣಾ, ನೀರು ಬರೋದು ಒಂದು ಫೋಟೋ ಹೊಡ್ದುಕೊಡು, ಕಳಿಸ್ಬೇಕು," ಎಂದ. ಬೊಮ್ಮಪ್ಪ ಸೀಮೆಸುಣ್ಣ ತಂದು ನಲ್ಲಿಯ ಪಕ್ಕದ ಗೋಡೆಯ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ ತಾರೀಖು ಬರೆದ. ಆಮೇಲೆ ಕ್ಯಾಮೆರಾ ಎತ್ತಿದ.

"ಹಸಿರು ಸೀರೆ ಉಟ್ಕೊಂಡ್ ಬರ್ಲಾ ಮೈದ್ನ?"

"ಬ್ಯಾಡತ್ತಿಗೆ. ಇವತ್ತಿನ ಸೀರೇಲೇ ನಿಂತ್ಕೋ."

ಈಗ ಪ್ರತಿ ಸೋಮವಾರ ಅವನು ಹಳೆಯ ತಾರೀಖು ಅಳಿಸಿ ಹೊಸದು ಬರೆಯುತ್ತಾನೆ, ಒಂದು ನಿಮಿಷದ ವಿಡಿಯೋ ತೆಗೆಯುತ್ತಾನೆ, ಅನುಪಮಾ ಹಾಕುತ್ತಾಳೆ. ಬಾಗಿಲಿನ ಫೋಟೋ ಮತ್ತೆ ಬೀದಿಗೆ ಮುಖ ಮಾಡಿದೆ; ಕೆಳಗೆ ಉದ್ಘಾಟನೆಯ ದಿನಾಂಕ ಅಂಟಿಸಿದ್ದಾನೆ.

ಇನ್ನು ನಿಮ್ಮ ವಿಷಯ. ನಿಮ್ಮೂರಲ್ಲೂ ಒಂದು ಘಟಕವಿದೆ. ಅದು ಚಾಲನೆಯಲ್ಲಿದೆ ಎಂದು ಯಾವುದೋ ಕಡತದಲ್ಲಿ ಒಂದು ಹಸಿರು ಸೀರೆ ನಗುತ್ತಿರಬಹುದು. ಈ ಪತ್ರಿಕೆಯಲ್ಲೇ ಇವತ್ತಿನ ತಾರೀಖು ಇದೆ, ಹಿಡಿದುಕೊಂಡು ಏಳಿ. ನಲ್ಲಿಯ ಮುಂದೆ ನಿಂತು ಕಾಯಿನ್ ಹಾಕಿ, ಪೂರ್ತಿ ಒಂದು ನಿಮಿಷ ವಿಡಿಯೋ ಮಾಡಿ, ಊರಿನ ಹೆಸರು ಬರೆದು ಹಾಕಿ. ಯಾರಾದರೂ ಅದನ್ನು ತೆಗೆದುಹಾಕಿ ಎಂದರೆ, ನೀರು ಬರುವ ತನಕ ಅಲ್ಲಾಡಬೇಡಿ.