ಅತ್ತೆಯ ಕೋಣೆಗೆ ಬಂದಾಕೆ

ನಮ್ಮ ಸೋದರತ್ತೆ ಮರದ ಸೂತ್ರದ ಗೊಂಬೆ ಮಾಡುವವಳು. ಪಕ್ಕದ ಮನೆಯವರು ಸಕ್ಕರೆ ಕೊಟ್ಟರೂ ಮೂಸಿ ನೋಡುವ ಹೆಂಗಸು. ಅಂಥವಳಿಗೆ ನಗರಸಭೆಯ ಕಲಾ ವಿಭಾಗದವರು ಹಳೇ ಗೋದಾಮಿನ ಮಹಡಿಯಲ್ಲಿ ಬಾಡಿಗೆಯಿಲ್ಲದೆ ಒಂದು ಕೋಣೆ ಕೊಟ್ಟರು. ಶನಿವಾರ ಬಾಗಿಲು ತೆರೆದಿಟ್ಟು ಜನರೆದುರು ಕೆಲಸ ಮಾಡಬೇಕು; ವರ್ಷದ ಕೊನೆಗೆ ಆ ಕೆಲಸ ನೋಡಿ, ಕೋಣೆ ಮುಂದುವರಿಸುವುದೋ ಬೇಡವೋ ಎಂದು ಅವರು ತೀರ್ಮಾನಿಸುತ್ತಾರೆ. ಮನೆಯಲ್ಲಿ ಉಳಿಯ ಸದ್ದಿಗೇ ಮಾಲೀಕ ಬಾಗಿಲು ಬಡಿಯುತ್ತಿದ್ದ. ಈ ಕೋಣೆ ಹೋದರೆ ಗೊಂಬೆಯೂ ಹೋದಂತೆಯೇ.

"ಸರ್ಕಾರ ಯಾರಿಗಾದ್ರೂ ಸುಮ್‌ಸುಮ್ನೆ ಕೊಟ್ಟಿದ್ದುಂಟಾ? ನೋಡ್ತಿರು, ಕೊನೆಗೆ ಗೊಂಬೇನೂ ನಮ್ದೇ ಅಂತಾರೆ," ಎಂದು ಅತ್ತೆ ನನ್ನ ಕಿವಿ ಕಚ್ಚಿದಳು.

ಅಷ್ಟರಲ್ಲಿ ರೇನ್‌ಕೋಟಿನ ಹೆಂಗಸೊಬ್ಬಳು ಪ್ರತಿ ಶನಿವಾರ ಬಂದು ಕೂರತೊಡಗಿದಳು. ಗೊಂಬೆಗಳತ್ತ ನೋಟವೇ ಇಲ್ಲ. ಗೋಡೆ, ಕಿಟಕಿ, ಬಾಗಿಲುಗಳನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. ಇವಳು ಕಲಾ ವಿಭಾಗದ ಗೂಢಚಾರಿಣಿಯೇ ಸೈ ಎಂದು ಅತ್ತೆ ನಿರ್ಧರಿಸಿಬಿಟ್ಟಳು. ನಾನೂ ತಲೆಯಾಡಿಸಿದೆ, ಅನುಮಾನ ನಮ್ಮ ಮನೆತನದ ಆಸ್ತಿ. ಅಂದಿನಿಂದ ಒಳ್ಳೆಯ ಗೊಂಬೆಗಳೆಲ್ಲ ಬೀರು ಸೇರಿದವು, ಬೀಗ ಬಿತ್ತು. ಆಕೆಯೆದುರು ಅತ್ತೆ ರಾಜನ ತಲೆಯೊಂದನ್ನೇ ಹಿಡಿದು ಉಪ್ಪುಕಾಗದದಿಂದ ತಿಕ್ಕುತ್ತ ಕೂರುತ್ತಿದ್ದಳು. ತಿಕ್ಕಿ ತಿಕ್ಕಿ ಮೂಗೆಲ್ಲ ಸವೆದು ರಾಜ ನಿಂಬೆಹಣ್ಣಿನಂತಾದ.

ತೀರ್ಮಾನದ ದಿನ ಹತ್ತಿರವಾದಾಗ ಅತ್ತೆಗೆ ತಡೆಯಲಾಗಲಿಲ್ಲ.

"ನೀವು ಯಾವ ಆಫೀಸಿನವ್ರು? ಬಾಯಿಬಿಟ್ಟು ಹೇಳಿ."

ಆಕೆ ಬೆಚ್ಚಿದಳು. "ಆಫೀಸಾ? ನಾನು ಬಟ್ಟೆ ನೇಯೋಳು. ಈ ರೂಮಿಗೆ ನಾನೂ ಅರ್ಜಿ ಹಾಕಿದ್ದೆ. ನಿಮ್ಗೆ ಮುಂದುವರಿಸ್ದಿದ್ರೆ ನಂಗೆ ಕೊಡ್ತಾರಂತೆ." ರಾಜನ ತಲೆಯತ್ತ ಬೆರಳು ತೋರಿಸಿ, "ತಪ್ಪು ತಿಳ್ಕೋಬೇಡಿ. ನೀವು ಆ ತಲೆ ತಿಕ್ಕೋದು ಬಿಟ್ಟು ಬೇರೇನೂ ಮಾಡ್ತಿರ್ಲಿಲ್ಲ. ಈ ಸಲ ನಂಗೇ ಗ್ಯಾರಂಟಿ ಅಂದ್ಕೊಂಡೆ. ಮಗ್ಗ ಇಟ್ಟಿದ್ದ ಶೆಡ್ಡನ್ನ ಹೋದ ವಾರ ಬಿಟ್ಕೊಟ್ಬಿಟ್ಟೆ," ಎಂದಳು.

ಅತ್ತೆಯ ಮುಖ ಚಿಕ್ಕದಾಯಿತು. ಎದ್ದು ಹೋಗಿ ಬೀರು ತೆರೆದಳು. ರಾಣಿ, ಕಳ್ಳ, ಕುಂಟು ಕುದುರೆ ಸಾಲಾಗಿ ತೂಗುತ್ತಿದ್ದವು. ಮುದುಕಿಯ ಗೊಂಬೆಯೊಂದನ್ನು ಇಳಿಸಿ ನಡೆಸಿದಳು. ಏನನ್ನೋ ಕಳೆದುಕೊಂಡು ಹುಡುಕುವವರಂತೆ ಅದು ಬಗ್ಗಿ ಬಗ್ಗಿ ನಡೆಯಿತು. ನೇಯುವಾಕೆ ನೋಡುತ್ತ ನಿಂತಳು. ಕೋಣೆ ತನಗೆ ಸಿಗುವುದಿಲ್ಲವೆಂದು ಅವಳಿಗೆ ಅರ್ಥವಾಗಿತ್ತು.

"ಇಷ್ಟು ದಿನ ಇದನ್ನೆಲ್ಲ ಯಾಕೆ ಬಚ್ಚಿಟ್ರಿ?"

ನನಗೆ ನಾಚಿಕೆಯಿಂದ ಆಕೆಯ ಮುಖ ನೋಡಲಾಗಲಿಲ್ಲ. ಅತ್ತೆ ಸೂತ್ರ ಸುತ್ತಿಟ್ಟು, ಕೋಣೆಯ ಖಾಲಿ ಮೂಲೆಯತ್ತ ನೋಡುತ್ತ ಮೆಲ್ಲಗೆ ಕೇಳಿದಳು: "ನಿಮ್ಮ ಮಗ್ಗ ಎಷ್ಟು ಅಗಲ ಇದೆ?"

ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

"ಅದು ನಿಮ್ಗ್ಯಾಕೆ?"